ನೆಲಕ್ಕೆ ತಂತಿ ಜೋಡಿಸಿದ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನನಗೆ ಒಂದು ಇನ್‌ಲ್ಯಾಂಡ್ ಪತ್ರದಲ್ಲಿ ಬಂತು. ಬರೆದವನು ಅವರ ತಮ್ಮನ ಮಗ. ಮದರಾಸಿನಲ್ಲೇ ಹುಟ್ಟಿ ಬೆಳೆದ ಹುಡುಗ. ಕನ್ನಡ ಅರ್ಥವಾಗುತ್ತದೆ, ಬರೆಯಲು ಬರುವುದಿಲ್ಲ. ಹಾಗಾಗಿ ಪತ್ರ ಇಂಗ್ಲಿಷಿನಲ್ಲಿತ್ತು. ಅತ್ತೆ ನಿದ್ದೆಯಲ್ಲೇ ಹೋದರು, ಏನೂ ನರಳಲಿಲ್ಲ ಎಂದು ಬರೆದು ಕೆಳಗೆ ಹೀಗೆ ಸೇರಿಸಿದ್ದ: "ನನಗೇನಾದರೂ ಆದರೆ ಹುಬ್ಬಳ್ಳಿಗೆ ತಿಳಿಸು ಎಂದು ಅತ್ತೆ ಎರಡು ಸಲ ಹೇಳಿದ್ದರು. ಹುಬ್ಬಳ್ಳಿಯಲ್ಲಿ ನಮಗೆ ಯಾರೂ ನೆಂಟರಿಲ್ಲ. ಕೊನೆಗೆ ಅವರ ವಿಳಾಸದ ಪುಸ್ತಕದಲ್ಲಿ ಎಚ್ ಅಕ್ಷರದ ಕೆಳಗೆ ಹುಬ್ಬಳ್ಳಿ ಎಂಬ ಹೆಸರೂ ಅದರ ಮುಂದೆ ಪುರಸೈವಾಕ್ಕಂ ವಿಳಾಸವೂ ಸಿಕ್ಕಿತು. ಹುಬ್ಬಳ್ಳಿ ಎಂದರೆ ನೀವೇನಾ?"

ನಾನೇ. ಹದಿಮೂರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಅಷ್ಟೂ ವರ್ಷ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಎರಡೋ ಮೂರೋ ಸಲ, ಅದೂ ಪ್ರಿನ್ಸಿಪಾಲರ ಎದುರಿಗೆ.

ಐವತ್ತರ ದಶಕದ ನಡುವೆ ನನ್ನ ಗಂಡನಿಗೆ ಹುಬ್ಬಳ್ಳಿಯಿಂದ ಮದರಾಸಿಗೆ ವರ್ಗವಾಯಿತು. ಅವರು ರೈಲ್ವೆಯಲ್ಲಿದ್ದರು. ಪುರಸೈವಾಕ್ಕಮ್ಮಿನ ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಮನೆ ಮಾಡಿದೆವು. ನನ್ನ ಹತ್ತಿರ ಒಂದು ಬಿ.ಎಸ್‌ಸಿ. ಪದವಿ ಇತ್ತು, ತಮಿಳಿನ ಒಂದು ಅಕ್ಷರವೂ ಇರಲಿಲ್ಲ. ಹತ್ತಿರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬಿಗೆ ಡೆಮಾನ್‌ಸ್ಟ್ರೇಟರ್ ಬೇಕಾಗಿದ್ದಾರೆ ಎಂದು ಗೊತ್ತಾಗಿ ಧೈರ್ಯ ಮಾಡಿ ಹೋದೆ. ವಿಭಾಗದ ಮುಖ್ಯಸ್ಥೆ ಕನ್ನಡದವರು ಎಂದು ಜವಾನ ಸನ್ನೆಯಲ್ಲೇ ತಿಳಿಸಿದ. ನನಗೆ ಹೋದ ಜೀವ ಬಂದಂತಾಯಿತು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಬಾಯಾರು ಎನ್ನುತ್ತೇವೆ. ಬಾಗಿಲಲ್ಲಿ ನಿಂತು, "ಬಾಯಾರ..." ಎಂದೆ.

ಒಳಗೆ ಮೇಜಿನ ಕೆಳಗಿಂದ ದನಿ ಬಂತು. "ಬಾಯಾರಿಕೆನಾ? ಮೂಲೇಲಿ ಮಡಕೆ ಇದೆ ನೋಡಮ್ಮಾ, ನೀರು ಕುಡಿ. ಆಮೇಲೆ ಬಂದು ಈ ತಂತಿ ಹಿಡ್ಕೋ."

ನಾನು ನೀರು ಕುಡಿದು, ತಂತಿ ಹಿಡಿದುಕೊಂಡೆ. ನನ್ನ ಇಂಟರ್‌ವ್ಯೂ ಅಷ್ಟೇ. ಮೇಜಿನ ಕೆಳಗಿಂದ ಎದ್ದು ಬಂದವರು ಗಿಡ್ಡ, ದುಂಡು, ನಲವತ್ತರ ಆಸುಪಾಸಿನ ಹೆಂಗಸು. ಸೀರೆಯ ತುಂಬ ಧೂಳು. "ಯಾವೂರು?" "ಹುಬ್ಬಳ್ಳಿರೀ." "ಸರಿ ಹುಬ್ಬಳ್ಳಿ, ನಾಳೆ ಒಂಬತ್ತು ಗಂಟೆಗೆ ಬಾ." ಹೀಗೆ ನಾನು ಹುಬ್ಬಳ್ಳಿಯಾದೆ.

ಅವರ ಮನೆತನದವರು ಮೂರು ತಲೆಮಾರಿನಿಂದ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿದ್ದ ಮಾಧ್ವರು. ಮನೆಯಲ್ಲಿ ಆಡುತ್ತಿದ್ದ ಕನ್ನಡಕ್ಕೆ ಅರ್ಧ ತಮಿಳು ಬೆರೆತಿತ್ತು. ಸಿಟ್ಟು ಬಂದರೆ ಪೂರ್ತಿ ತಮಿಳು, ಲೆಕ್ಕ ಮಾಡುವಾಗ ಇಂಗ್ಲಿಷು, ದೇವರ ಹತ್ತಿರ ಮಾತ್ರ ಕನ್ನಡ ಎಂದು ಅವರೇ ಹೇಳುತ್ತಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಮನೆಯಲ್ಲಿ ಎಂಬತ್ತರ ಹತ್ತಿರದ ತಾಯಿ, ಒಬ್ಬ ತಮ್ಮ, ಅವನ ಸಂಸಾರ. ನಗು ಬರುವ ಮೊದಲು ಅವರ ಎರಡೂ ಭುಜ ಅಲುಗುತ್ತಿದ್ದವು, ಶಬ್ದ ಆಮೇಲೆ ಬರುತ್ತಿತ್ತು. ಹಾಸ್ಟೆಲಿನ ಹುಡುಗಿಯರು ಅದಕ್ಕೆ ಮುನ್ಸೂಚನೆ ಎಂದು ಹೆಸರಿಟ್ಟಿದ್ದರು.

ಹುಡುಗಿಯರು ಆ ಪದವನ್ನು ಸುಮ್ಮನೆ ಆರಿಸಿರಲಿಲ್ಲ. ಭೂಕಂಪ ಆಗುವ ಮೊದಲು, ಅಗ್ನಿಪರ್ವತ ಸಿಡಿಯುವ ಮೊದಲು, ನೆಲ ವಿದ್ಯುತ್ತಿನ ಮೂಲಕ ಏನಾದರೂ ಮುನ್ಸೂಚನೆ ಕೊಡುತ್ತದೆಯೇ ಎಂಬುದು ಮೇಡಂ ಬಹಳ ವರ್ಷಗಳಿಂದ ಹೊತ್ತು ತಿರುಗುತ್ತಿದ್ದ ಪ್ರಶ್ನೆ. ಅದನ್ನು ಅವರ ತಲೆಗೆ ಹಾಕಿದವರು ಅವರ ತಂದೆ. ಅವರು ಟೆಲಿಗ್ರಾಫ್ ಆಫೀಸಿನಲ್ಲಿದ್ದವರು. ಒಂದು ಮಧ್ಯಾಹ್ನ ಯಾರೂ ಯಾವ ತಂತಿಯನ್ನೂ ಕಳಿಸದೆ ಇದ್ದಾಗ ಯಂತ್ರದ ಮುಳ್ಳು ತಾನಾಗಿ ಆಡಿತಂತೆ. ಎರಡು ದಿನದ ಮೇಲೆ ಉತ್ತರದ ಕಡೆ ದೊಡ್ಡ ಭೂಕಂಪವಾದ ಸುದ್ದಿ ಪತ್ರಿಕೆಯಲ್ಲಿ ಬಂತಂತೆ.

"ಅಪ್ಪ ಸಾಯೋವರೆಗೂ ಹೇಳ್ತಿದ್ರು, ಆವತ್ತು ಭೂಮಿನೇ ತಂತಿ ಕೊಟ್ಟಿತು, ನಾವು ಓದ್ಲಿಲ್ಲ ಅಂತ," ಎಂದು ಮೇಡಂ ನನಗೆ ಹೇಳಿದರು. "ನಿಜಾನೋ ಸುಳ್ಳೋ ನನಗೆ ಗೊತ್ತಿಲ್ಲ. ಅನ್ನ ಉಕ್ಕೋಕೆ ಮುಂಚೆ ಮುಚ್ಚಳ ಟಕಟಕ ಅನ್ನತ್ತಲ್ಲ? ಹಾಗೆ ಒಳಗೆ ಕಲ್ಲಿನ ಮೇಲೆ ಒತ್ತಡ ಜಾಸ್ತಿ ಆದ್ರೆ, ಅದು ಬಿರಿಯೋಕೆ ಮುಂಚೆ ನೆಲದ ಕರೆಂಟ್ ಏನಾದ್ರೂ ಬದಲಾಗತ್ತಾ? ಅಷ್ಟೇ ನನಗೆ ತಿಳೀಬೇಕು."

ಅದಕ್ಕಾಗಿ ಅವರು ಕಾಲೇಜಿನ ತೋಟದಲ್ಲಿ ಎರಡು ಸೀಸದ ತಗಡುಗಳನ್ನು ಹೂಳಿಸಿದ್ದರು. ಒಂದು ಗೇಟಿನ ಹತ್ತಿರ, ಇನ್ನೊಂದು ಹಾಸ್ಟೆಲಿನ ಹಿಂದೆ ಬೇವಿನ ಮರದ ಬುಡದಲ್ಲಿ. ಎರಡರಿಂದಲೂ ತಂತಿ ಎಳೆದು ಲ್ಯಾಬಿನ ಕಿಟಕಿಯಿಂದ ಒಳಗೆ ತಂದು, ಕತ್ತಲೆ ಕೋಣೆಯ ಗ್ಯಾಲ್ವನೋಮೀಟರಿಗೆ ಜೋಡಿಸಿದ್ದರು. ನೆಲದಲ್ಲಿ ಹರಿಯುವ ಸಣ್ಣ ವಿದ್ಯುತ್ತು ಹೆಚ್ಚು ಕಡಿಮೆಯಾದರೆ ಯಂತ್ರದ ಪುಟ್ಟ ಕನ್ನಡಿ ತಿರುಗಿ, ಗೋಡೆಯ ಅಳತೆಪಟ್ಟಿಯ ಮೇಲೆ ಒಂದು ಬೆಳಕಿನ ಚುಕ್ಕಿ ಎಡಕ್ಕೋ ಬಲಕ್ಕೋ ಸರಿಯುತ್ತಿತ್ತು. ಚುಕ್ಕಿ ಎಲ್ಲಿದೆ ಎಂದು ಹೊತ್ತುಹೊತ್ತಿಗೆ ಬರೆದಿಡುವುದು ನನ್ನ ಕೆಲಸಗಳಲ್ಲಿ ಒಂದಾಯಿತು.

ಮೊದಲ ದಿನವೇ ಚುಕ್ಕಿ ಗೋಡೆಯ ಮೇಲೆ ಹುಚ್ಚೆದ್ದು ಕುಣಿಯಿತು. ನಾನು ಹೆದರಿ, "ಮೇಡಂ, ಭೂಕಂಪ ಆಗ್ತದೇನ್ರೀ?" ಎಂದೆ. ಅವರು ಕೈಗಡಿಯಾರ ನೋಡಿ, "ಇಲ್ಲ. ತಾಂಬರಂ ಗಾಡಿ ಎಗ್ಮೋರ್ ಬಿಡ್ತು," ಎಂದರು.

ಬೀಚಿನಿಂದ ತಾಂಬರಮ್ಮಿಗೆ ಹೋಗುವ ಎಲೆಕ್ಟ್ರಿಕ್ ರೈಲಿನ ಹಳಿ ನಮ್ಮ ಕಾಲೇಜಿನಿಂದ ಬಹಳ ದೂರವಿರಲಿಲ್ಲ. ಗಾಡಿ ಹೊರಟಾಗಲೆಲ್ಲ ಹಳಿಯಿಂದ ಒಂದಿಷ್ಟು ಕರೆಂಟು ನೆಲಕ್ಕೆ ಸೋರಿ ನಮ್ಮ ತಗಡುಗಳಿಗೆ ತಾಗುತ್ತಿತ್ತು. ಭೂಮಿಯ ಪಿಸುಮಾತು ಕೇಳಲು ಕೂತವರ ಕಿವಿಯಲ್ಲಿ ರೈಲು ಕೂಗಿದ ಹಾಗೆ. ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರು. ಮೇಡಂ ನನ್ನ ಗಂಡನಿಂದ ಗಾಡಿಗಳ ವೇಳಾಪಟ್ಟಿ ತರಿಸಿಕೊಂಡು ಗೋಡೆಗೆ ಅಂಟಿಸಿದರು. ಯಾವ ಕುಣಿತ ಯಾವ ಗಾಡಿಯದು ಎಂದು ಕಲಿತು, ಉಳಿದ ಹೊತ್ತನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಇದರಿಂದ ತೊಂದರೆಗೆ ಸಿಕ್ಕಿಕೊಂಡವರು ತಾಂಬರಮ್ಮಿನಿಂದ ಬರುವ ವಿದ್ಯಾರ್ಥಿನಿಯರು. ತಡವಾಗಿ ಬಂದು ಗಾಡಿ ಲೇಟು ಎನ್ನುವ ಹಾಗಿರಲಿಲ್ಲ.

"ಪೊಯ್! ಸುಳ್ಳು ಹೇಳ್ಬೇಡ. ನಿನ್ನ ಗಾಡಿ ಟೈಮಿಗೆ ಸರಿಯಾಗಿ ಹೋಯ್ತು. ಚುಕ್ಕಿ ನನಗೆ ಹೇಳಿದೆ."

ರೈಲಿನ ಕುಣಿತಕ್ಕಿಂತ ಬೇರೆಯಾದ ಒಂದು ಚಲನೆ ಕಂಡದ್ದು ನಾನು ಸೇರಿದ ಎರಡನೆಯ ವರ್ಷ. ಒಂದು ಭಾನುವಾರ ಮಧ್ಯಾಹ್ನ ಚುಕ್ಕಿ ನಿಧಾನವಾಗಿ ಬಲಕ್ಕೆ ಸರಿಯಿತು. ಸರಿದದ್ದು ಕೂಡಲೇ ಹಿಂದಕ್ಕೆ ಬರಲಿಲ್ಲ. ಮೂರು ನಾಲ್ಕು ದಿನ ತೆಗೆದುಕೊಂಡು ಸ್ವಸ್ಥಾನಕ್ಕೆ ಮರಳಿತು. ಅದೇ ವಾರ ಜಪಾನಿನ ಕಡೆ ಭೂಕಂಪವಾದ ಸುದ್ದಿ ಬಂತು. ಮೇಡಂ ಪತ್ರಿಕೆಯ ತುಣುಕನ್ನು ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡರು. ಕೆಲವು ತಿಂಗಳ ಮೇಲೆ ಮತ್ತೆ ಅದೇ ಚಲನೆ, ಮತ್ತೆ ಎಲ್ಲೋ ಒಂದು ಭೂಕಂಪ. ಮೂರನೆಯ ಸಲ ದಕ್ಷಿಣ ಅಮೆರಿಕದ ಯಾವುದೋ ಅಗ್ನಿಪರ್ವತ. ನಾಲ್ಕನೆಯ ಸಲವಂತೂ ಮೇಡಂ ನನ್ನ ರಟ್ಟೆ ಹಿಡಿದು ಅಲ್ಲಾಡಿಸಿಬಿಟ್ಟರು. ಯಾವ ಹೊತ್ತು, ಯಾವ ತಿಂಗಳು ಎಂಬ ನಿಯಮವಿರಲಿಲ್ಲ. ರೈಲಲ್ಲ, ಮಳೆಯಲ್ಲ, ಮಿಂಚಲ್ಲ. ಎಲ್ಲವನ್ನೂ ಅವರು ಪರೀಕ್ಷಿಸಿ ತಳ್ಳಿಹಾಕಿದ್ದರು.

ಆ ವರ್ಷ ಮದರಾಸಿನಲ್ಲೇ ವಿಜ್ಞಾನಿಗಳ ಒಂದು ದೊಡ್ಡ ಸಭೆ ಇತ್ತು. ಮೇಡಂ ಲೇಖನ ಬರೆದರು. ಸಭೆಯವರು ಒಪ್ಪಿ ಪತ್ರ ಕಳಿಸಿದರು. ಪ್ರಿನ್ಸಿಪಾಲರು ಕಾಲೇಜಿನ ಬೋರ್ಡಿನಲ್ಲಿ ಆ ಸುದ್ದಿ ಬರೆಸಿದರು. ಹೆಣ್ಣುಮಕ್ಕಳ ಕಾಲೇಜಿನ ಲೆಕ್ಚರರ್ ಒಬ್ಬರು ಅಂಥ ಸಭೆಯಲ್ಲಿ ಓದುವುದು ಆಗಿನ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ.

ಸಭೆಗೆ ಹತ್ತು ದಿನ ಇದ್ದಾಗ ಮೇಡಮ್ಮಿಗೆ ನೆಗಡಿ ಜ್ವರ ಬಂತು. ಭಾನುವಾರದ ಚುಕ್ಕಿ ನೋಡಲು ನಾನೊಬ್ಬಳೇ ಹೋದೆ. ಮೂರು ಗಂಟೆಗೆ ಚುಕ್ಕಿ ಬಲಕ್ಕೆ ಹೊರಟಿತು. ಅದೇ ನಿಧಾನ, ಅದೇ ದಾರಿ. ತಂತಿ ಎಲ್ಲಾದರೂ ಸಡಿಲವಾಗಿದೆಯೇ ಎಂದು ನೋಡೋಣವೆಂದು ತೋಟಕ್ಕೆ ಓಡಿದೆ. ಗೇಟಿನ ತಗಡು ಸರಿಯಿತ್ತು. ಹಾಸ್ಟೆಲಿನ ಹಿಂದಕ್ಕೆ ಹೋದರೆ, ಅಡುಗೆಯ ಮಾಮಿ ಒಂದು ಮರದ ಬಕೆಟನ್ನು ಬೇವಿನ ಬುಡಕ್ಕೆ ಬಗ್ಗಿಸಿ ನೀರು ಸುರಿಯುತ್ತಿದ್ದರು.

"ಏನ್ರೀ ಮಾಮಿ ಅದು?"

"ಉಪ್ಪುತ್ತಣ್ಣಿ ಮಾ," ಎಂದರು ಮಾಮಿ. "ಐಸ್‌ಕ್ರೀಂ ಪೋಟ್ಟೋಂ, ಮಾಡಿದ್ವಲ್ಲ. ಉಪ್ಪು ನೀರು ಹಾಕಿದ್ರೆ ಮರದ ಹತ್ರ ಇರುವೆ ಬರಲ್ಲ."

ವಿಷಯ ಇಷ್ಟೆ. ಹಾಸ್ಟೆಲಿನಲ್ಲಿ ಯಾವ ಹುಡುಗಿಗಾದರೂ ಮದುವೆ ನಿಶ್ಚಯವಾದರೆ ಅವಳ ಮನೆಯವರು ಎಲ್ಲರಿಗೂ ಐಸ್‌ಕ್ರೀಂ ಕೊಡಿಸುವ ಪದ್ಧತಿಯಿತ್ತು. ಬಕೆಟಿನಲ್ಲಿ ಮಂಜುಗಡ್ಡೆ, ಉಪ್ಪು ತುಂಬಿ, ನಡುವೆ ಹಾಲಿನ ಡಬ್ಬಿಯಿಟ್ಟು ಗಂಟೆಗಟ್ಟಲೆ ಹಿಡಿಕೆ ತಿರುಗಿಸುತ್ತಿದ್ದರು. ಆಮೇಲೆ ಉಳಿದ ಉಪ್ಪು ನೀರು ಬೇವಿನ ಬುಡಕ್ಕೆ, ಅಂದರೆ ನಮ್ಮ ಸೀಸದ ತಗಡಿನ ನೆತ್ತಿಗೆ. ಲೋಹದ ಸುತ್ತ ಉಪ್ಪು ಹೆಚ್ಚಾದರೆ ಅದರ ವಿದ್ಯುತ್ತು ಬದಲಾಗುತ್ತದೆ ಎಂಬುದನ್ನು ನಾನೇ ಇಂಟರ್ ಹುಡುಗಿಯರಿಗೆ ಲ್ಯಾಬಿನಲ್ಲಿ ತೋರಿಸುತ್ತಿದ್ದೆ. ಹಿಂದಿನ ನಾಲ್ಕು ತಾರೀಖುಗಳನ್ನು ಹೇಳಿ ಮಾಮಿಯನ್ನು ಕೇಳಿದೆ. ಮಾಮಿಗೆ ತಾರೀಖು ನೆನಪಿರಲಿಲ್ಲ, ಹುಡುಗಿಯರ ಹೆಸರು ನೆನಪಿದ್ದವು. ನಾಲ್ಕು ನಿಶ್ಚಿತಾರ್ಥ. ಅವುಗಳಲ್ಲಿ ಎರಡರ ಐಸ್‌ಕ್ರೀಂ ನಾನೂ ತಿಂದಿದ್ದೆ.

ಮನೆಗೆ ಬಂದು ಊಟ ಸೇರಲಿಲ್ಲ. ಲೇಖನ ಟೈಪಾಗಿದೆ, ಬೋರ್ಡಿನ ಮೇಲೆ ಹೆಸರಿದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಸಂಗತಿ ಯಾರಿಗೂ ತಿಳಿಯುವುದಿಲ್ಲ. ಗಂಡನಿಗೆ ಹೇಳಿದೆ. ಅವರು ತಾಟಿನಿಂದ ತಲೆ ಎತ್ತದೆ, "ಸಿಗ್ನಲ್ ತಪ್ಪ ಅದ ಅಂತ ಗೊತ್ತಾದ ಮ್ಯಾಲ ಗಾಡಿ ಬಿಡೂದಿಲ್ಲ ನಾವು. ನಾಳೆ ಮುಂಜಾನೆ ಹೋಗಿ ಹೇಳಿಬಿಡು," ಎಂದರು.

ಮರುದಿನ ಬೆಳಿಗ್ಗೆ ತಿರುವಲ್ಲಿಕ್ಕೇಣಿಗೆ ಹೋದೆ. ಮೇಡಂ ಶಾಲು ಹೊದ್ದು ಹಜಾರದಲ್ಲಿ ಕೂತಿದ್ದರು. ತೊಡೆಯ ಮೇಲೆ ಅದೇ ಲೇಖನ. ನಾನು ನಿಂತುಕೊಂಡೇ ಎಲ್ಲ ಹೇಳಿ ಮುಗಿಸಿದೆ. ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಮೂಗು ಒರೆಸಿಕೊಂಡರು. ನೆಗಡಿಗೋ ಬೇರೆಯದಕ್ಕೋ ತಿಳಿಯಲಿಲ್ಲ.

"ಯಾವ ಐಸ್‌ಕ್ರೀಮು?" ಎಂದರು ಕೊನೆಗೆ.

"ಮಾವಿನಹಣ್ಣಿಂದ್ರೀ."

"ಐದು ಸಲ ಮಾಡಿದಾರೆ. ನನಗೆ ಒಂದು ಸಲಾನೂ ಕೊಟ್ಟಿಲ್ಲ!"

ಭುಜ ಅಲುಗಿತು. ಆಮೇಲೆ ನಗು ಬಂತು, ನಗುವಿನ ಬೆನ್ನಿಗೆ ಕೆಮ್ಮು ಬಂತು, ಒಳಗಿಂದ ಅವರ ತಾಯಿ, "ಏನೇ ಆಯ್ತು ನಿನಗೆ?" ಎಂದು ಕೂಗಿದರು. "ಏನಿಲ್ಲಮ್ಮಾ. ನಮ್ಮ ಹಾಸ್ಟೆಲಲ್ಲಿ ಒಬ್ಬಳಿಗೆ ಮದುವೆ ಗೊತ್ತಾದ್ರೆ ಜಪಾನಲ್ಲಿ ಭೂಕಂಪ ಆಗತ್ತಂತೆ. ಒಳ್ಳೇದಾಯ್ತು ನಾನು ಮಾಡ್ಕೊಳ್ಳಲಿಲ್ಲ!"

ನಕ್ಕರು, ನಿಜ. ಆದರೆ ಎದ್ದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದಿದ್ದರು, ಸೀರೆ ಬದಲಿಸಿದ್ದರು. "ನಡಿ. ಸುಮ್ಮಾ ನಂಬೋದು ಬೇಡ, ಮಾಡಿ ನೋಡೋಣ."

ದಾರಿಯಲ್ಲೇ ಮಂಜುಗಡ್ಡೆ, ಉಪ್ಪು ಕೊಂಡು ರಿಕ್ಷಾದಲ್ಲಿ ಕಾಲೇಜಿಗೆ ಹೋದೆವು. ಈ ಸಲ ಉಪ್ಪು ನೀರನ್ನು ಗೇಟಿನ ಹತ್ತಿರದ ತಗಡಿಗೆ ಸುರಿದು ಕತ್ತಲೆ ಕೋಣೆಯಲ್ಲಿ ನಿಂತೆವು. ಎರಡೂ ತಗಡು ಎದುರುಬದುರು ಜೋಡಿಸಿದ್ದರಿಂದ ಚುಕ್ಕಿ ಎಡಕ್ಕೆ ಹೋಗಬೇಕು. ಹೋಯಿತು. ಅದೇ ನಿಧಾನ, ಅಷ್ಟೇ ದೂರ. ಮೇಡಂ ಅಳತೆಪಟ್ಟಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿ, "ಎಷ್ಟು ಚೆನ್ನಾಗಿ ಹೋಗತ್ತೆ ನೋಡು ಹುಬ್ಬಳ್ಳಿ," ಎಂದರು. ಅವರ ದನಿಯಲ್ಲಿ ಮೆಚ್ಚುಗೆಯಿತ್ತು.

ಪ್ರಿನ್ಸಿಪಾಲರು ಆರೋಗ್ಯದ ನೆಪ ಹೇಳಿ ಸಭೆ ತಪ್ಪಿಸಿಬಿಡಿ ಎಂದು ಸಲಹೆ ಕೊಟ್ಟರು. ಮೇಡಂ ಒಪ್ಪಲಿಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ ವೇದಿಕೆ ಹತ್ತಿದರು. ಸಭೆಯಲ್ಲಿ ಕೋಟು ಟೈಗಳ ನಡುವೆ ಸೀರೆ ಉಟ್ಟವರು ನಾವಿಬ್ಬರೇ. ಅವರು ಓದತೊಡಗಿದ ತಲೆಬರಹ ಕೇಳಿ ಅಧ್ಯಕ್ಷರು ತಡೆದರು. "ಪಟ್ಟಿಯಲ್ಲಿ ಬೇರೆ ಲೇಖನದ ಹೆಸರಿದೆಯಲ್ಲ?"

"ಇತ್ತು. ಹೋದ ಸೋಮವಾರ ಕರಗಿಹೋಯಿತು," ಎಂದರು ಮೇಡಂ. ಆಮೇಲೆ ಅರ್ಧ ಗಂಟೆ, ಒಂದನ್ನೂ ಮುಚ್ಚಿಡದೆ, ತಮ್ಮ ತಪ್ಪನ್ನು ವಿವರಿಸಿದರು. ಉಪ್ಪು ನೀರಿನದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ ಎಂದರು. ಚುಕ್ಕಿ ಸರಿದ ವಾರಗಳಲ್ಲಿ ಭೂಕಂಪದ ಸುದ್ದಿ ಹುಡುಕಿದೆ, ಸಿಕ್ಕಿತು. ಚುಕ್ಕಿ ಸರಿಯದ ವಾರಗಳಲ್ಲೂ ಹುಡುಕಬೇಕಿತ್ತು. ಹುಡುಕಿದ್ದರೆ ಅಷ್ಟೇ ಸಿಗುತ್ತಿದ್ದವು. ಭೂಮಿ ಎಲ್ಲೋ ಒಂದು ಕಡೆ ಯಾವಾಗಲೂ ನಡುಗುತ್ತಲೇ ಇರುತ್ತದೆ. ನನಗೆ ಬೇಕಾದಾಗ ಮಾತ್ರ ನಾನು ಪತ್ರಿಕೆ ಓದಿದೆ.

ಮದುವೆ ನಿಶ್ಚಯದ ಭಾಗಕ್ಕೆ ಸಭೆ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಲ್ಲಿ ಇಬ್ಬರು ಗೇಲಿಯಾಗಿಯೂ ನಕ್ಕರು, ನಾನು ತಿರುಗಿ ನೋಡಿದೆ. ಆದರೆ ಮುಗಿದ ಮೇಲೆ ಬೆಟ್ಟದ ಮೇಲಿನ ಒಂದು ವೀಕ್ಷಣಾಲಯದಿಂದ ಬಂದಿದ್ದ ಹಿರಿಯರೊಬ್ಬರು ಎದ್ದು ಬಂದು, ಸೀಸ ಯಾವ ತರಹದ್ದು, ಎಷ್ಟು ಆಳ, ಮಣ್ಣು ಎಂಥದು ಎಂದು ಕಾಫಿ ಆರುವವರೆಗೂ ಕೇಳಿದರು. ಎರಡು ತಿಂಗಳ ಮೇಲೆ ಅವರಿಂದ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ತಮ್ಮಲ್ಲಿ ಬಳಕೆ ತಪ್ಪಿದ್ದ ಹಳೆಯ ದಾಖಲೆಯಂತ್ರ. ಗಡಿಯಾರದ ಬಲದಿಂದ ತಿರುಗುವ ಉರುಳೆಗೆ ಕಾಗದ ಸುತ್ತಿದರೆ ನಿಮಿಷಕ್ಕೊಂದು ಚುಕ್ಕಿ ತಾನಾಗಿ ಬೀಳುತ್ತಿತ್ತು. ಜೊತೆಗೆ ಒಂದು ಚೀಟಿ: "ದಯವಿಟ್ಟು ರೈಲಿನಿಂದಲೂ ಅಡುಗೆಮನೆಯಿಂದಲೂ ದೂರ ಇಡಿ."

ಹಾಗೆ ನಾವು ಪೆರುಂಗುಡಿಗೆ ಹೋದೆವು. ಆಗ ಅದು ಗದ್ದೆ, ತಾಳೆಮರ, ಕೆರೆಗಳ ಹಳ್ಳಿ. ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ತಮ್ಮ ಗದ್ದೆಯ ಅಂಚಿನ ಒಂದು ಕೊಠಡಿ ಬಿಟ್ಟುಕೊಟ್ಟರು. ಅಲ್ಲಿಗೆ ವಿದ್ಯುತ್ತು ಬಂದಿರಲಿಲ್ಲ, ಅದೇ ಅದರ ಹಿರಿಮೆ. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಹೋಗಿ, ಕಾಗದ ಬದಲಿಸಿ, ಗಡಿಯಾರಕ್ಕೆ ಕೀಲಿ ಕೊಟ್ಟು, ತಾಳೆಮರದ ಕೆಳಗೆ ಮೊಸರನ್ನ ತಿಂದು ಬರುತ್ತಿದ್ದೆವು. ವರ್ಷಗಟ್ಟಲೆ ಹೋದೆವು. ಕಾಲೇಜಿನಲ್ಲಿ ಅವರಿಗೆ ಐಸ್‌ಕ್ರೀಂ ಮೇಡಂ ಎಂಬ ಹೆಸರು ಖಾಯಂ ಆಯಿತು. ಹೊಸ ನಿಶ್ಚಿತಾರ್ಥವಾದಾಗಲೆಲ್ಲ ಮೊದಲ ಬಟ್ಟಲು ಅವರ ಕೋಣೆಗೆ ಬರುತ್ತಿತ್ತು.

ಆ ಹೆಸರಿನ ಬೆಲೆ ನನಗೆ ಗೊತ್ತಾದದ್ದು ಅಷ್ಟಗ್ರಹ ಕೂಟದ ಸಮಯದಲ್ಲಿ. ಅರವತ್ತೆರಡರ ಫೆಬ್ರವರಿ. ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಸೇರುತ್ತವೆ, ಭೂಮಿ ಬಿರಿಯುತ್ತದೆ, ಸಮುದ್ರ ಉಕ್ಕುತ್ತದೆ ಎಂದು ದೇಶಕ್ಕೆ ದೇಶವೇ ಹೆದರಿ ಕೂತಿತ್ತು. ಊರೂರಲ್ಲಿ ಹೋಮ, ಭಜನೆ. ಹಾಸ್ಟೆಲಿನ ಹುಡುಗಿಯರು ಅಳತೊಡಗಿದರು. ಅಪ್ಪಂದಿರು ಕರೆದುಕೊಂಡು ಹೋಗಲು ಬಂದರು. ಪರೀಕ್ಷೆ ಹತ್ತಿರವಿತ್ತು. ಪ್ರಿನ್ಸಿಪಾಲರು ಒಂದು ನೋಟೀಸು ಬರೆಸಿ ಮೇಡಮ್ಮಿನ ಮುಂದಿಟ್ಟರು: ನಮ್ಮ ಕಾಲೇಜಿನ ಯಂತ್ರದ ಪ್ರಕಾರ ಭೂಕಂಪದ ಯಾವ ಲಕ್ಷಣವೂ ಇಲ್ಲ.

"ಇದಕ್ಕೆ ನಾನು ಸೈನ್ ಮಾಡೋಕಾಗಲ್ಲ," ಎಂದರು ಮೇಡಂ. "ಲಕ್ಷಣ ಹೇಗಿರತ್ತೆ ಅಂತಲೇ ನನಗೆ ಗೊತ್ತಿಲ್ಲ. ಇಲ್ಲ ಅಂತ ಹೇಗೆ ಬರೀಲಿ?"

"ಒಳ್ಳೆಯದಕ್ಕೇ ಅಲ್ಲವೇ?" ಎಂದರು ಪ್ರಿನ್ಸಿಪಾಲರು.

"ಗ್ರಹ ನೋಡಿ ಹೇಳೋರೂ ಒಳ್ಳೇದಕ್ಕೇ ಅಂತಾರೆ," ಎಂದರು ಮೇಡಂ.

ಅಷ್ಟರಲ್ಲಿ ಹೊರಗೆ ಗದ್ದಲ. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಒಬ್ಬರು ಮಗಳ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ವರಾಂಡದಲ್ಲಿ ನಿಂತಿದ್ದರು. ಹಿಂದೆ ಇನ್ನೂ ಐದಾರು ಅಪ್ಪಂದಿರು. "ನನಗೆ ನೋಟೀಸು ಗೀಟೀಸು ಬೇಡ. ಆ ಐಸ್‌ಕ್ರೀಂ ಮೇಡಂ ಯಾರು? ಅವ್ರು ಹೇಳ್ಲಿ. ತಪ್ಪಾದ್ರೆ ತಪ್ಪಾಯ್ತು ಅಂತ ಅಷ್ಟು ಜನದ ಮುಂದೆ ಒಪ್ಕೊಂಡೋರು ಅಂತೆ ಅವ್ರು. ನನ್ ಮಗಳು ಕಾಗದ ಬರೆದಿದ್ಲು."

ಮೇಡಂ ಹೊರಗೆ ಬಂದರು. "ನಾನೇ ಸ್ವಾಮಿ."

"ಆಗ್ತದಾ ಇಲ್ವಾ, ಹೇಳ್ರಮ್ಮ. ದಿನಾ ನೆಲದೊಳಗೆ ಇಳಿಯೋನು ನಾನು. ನೆಲ ಅದುರೋದು ನನಗೆ ಗೊತ್ತು."

"ಹಾಗಾದ್ರೆ ನನಗಿಂತ ನಿಮಗೇ ಜಾಸ್ತಿ ಗೊತ್ತು," ಎಂದರು ಮೇಡಂ. "ಭೂಕಂಪ ಯಾವಾಗ ಆಗತ್ತೆ ಅಂತ ಮುಂಚೆ ತಿಳ್ಕೊಳ್ಳೋ ದಾರಿ ನನಗೆ ಸಿಕ್ಕಿಲ್ಲ. ಬೇರೆ ಯಾರಿಗಾದ್ರೂ ಸಿಕ್ಕಿದೆ ಅಂತಲೂ ನಾನು ಕೇಳಿಲ್ಲ. ಗ್ರಹ ನೋಡಿ ಹೇಳೋರಿಗಂತೂ ಸಿಕ್ಕಿಲ್ಲ, ಅಷ್ಟು ಹೇಳ್ತೀನಿ. ನಾನು ಈ ಮೂರು ದಿನ ಇದೇ ಹಾಸ್ಟೆಲಿನ ಮಾಳಿಗೆ ಮೇಲೆ ಇರ್ತೀನಿ. ನಮ್ಮ ತಾಯೀನೂ ಕರ್ಕೊಂಡು ಬರ್ತೀನಿ. ಕರ್ಕೊಂಡು ಹೋಗೋದು ಬಿಡೋದು ನಿಮ್ಮಿಷ್ಟ."

ಗಣಿಯವರು ಅವರನ್ನು ಒಂದು ಗಳಿಗೆ ದಿಟ್ಟಿಸಿ, ಟ್ರಂಕನ್ನು ಕೆಳಗಿಳಿಸಿದರು. "ಇರ್ಲಿ ಬಿಡು ಮಗಾ. ಓದ್ಕೋ," ಎಂದು ಮಗಳಿಗೆ ಹೇಳಿ, ತಲೆ ಸವರಿ ಹೊರಟರು. ಇನ್ನೂ ಮೂವರು ಟ್ರಂಕು ಇಳಿಸಿದರು. ಇಬ್ಬರು ಮಾತ್ರ ಮಕ್ಕಳನ್ನು ಕರೆದುಕೊಂಡು ಹೋದರು.

ಸಂಜೆಯ ಹೊತ್ತಿಗೆ ಮೇಡಮ್ಮಿನ ತಾಯಿ ಮಡಿ ಸೀರೆ, ಸಾಲಿಗ್ರಾಮದ ಪೆಟ್ಟಿಗೆ, ಸೀಮೆಎಣ್ಣೆ ಸ್ಟೌ ಸಮೇತ ಬಂದಿಳಿದರು. "ಭೂಕಂಪ ಆಗೋದಿದ್ರೆ ಕಂಪನಿ ಇರೋ ಕಡೆನೇ ಆಗ್ಲಿ," ಎಂದು ಅವರು ಮೆಟ್ಟಿಲು ಹತ್ತುತ್ತಿದ್ದರೆ ಹುಡುಗಿಯರು ನಗುತ್ತ ಪೆಟ್ಟಿಗೆ ಹಿಡಿದುಕೊಂಡರು. ಮೂರು ದಿನ ಅವರು ಹುಡುಗಿಯರಿಗೆ ದೇವರನಾಮ ಕಲಿಸಿದರು, ಪಗಡೆಯಾಟದಲ್ಲಿ ಎಲ್ಲರನ್ನೂ ಸೋಲಿಸಿದರು. ಏನೂ ಆಗಲಿಲ್ಲ. ನಾಲ್ಕನೆಯ ದಿನ ಮಗಳು ಹೊರಡೋಣವೆಂದರೆ, "ಇನ್ನೊಂದೆರಡು ದಿನ ನೋಡೋಣ್ವೇ. ಗ್ರಹಗಳು ನಿಧಾನವಾಗಿ ಬಿಡ್ತವೆ," ಎಂದು ಕೂತರು.

ನಿಜವಾದ ನಡುಕ ಬಂದದ್ದು ಐದು ವರ್ಷದ ಮೇಲೆ. ಯಾರೂ ಹೆದರಿಸಿರಲಿಲ್ಲ, ಯಾವ ಗ್ರಹವೂ ಸೇರಿರಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ, ಊಟದ ಹೊತ್ತು ಮುಗಿದು ಪ್ರಾಕ್ಟಿಕಲ್ ನಡೆಯುತ್ತಿತ್ತು. ಗಾಜಿನ ಬೀಕರುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಮೇಜು ಕಾಲಿಗೆ ಉಜ್ಜಿದಂತಾಯಿತು. ಕೆಲವೇ ಕ್ಷಣ. ಹುಡುಗಿಯರು ಕಿರುಚಿ ಹೊರಗೋಡಿದರು. ಮೇಡಂ ಅಂಗಳದಲ್ಲಿ ಎಲ್ಲರನ್ನೂ ಎಣಿಸಿ, ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ನನ್ನ ಕಡೆ ತಿರುಗಿದರು. ಐವತ್ತು ದಾಟಿದ ಅವರ ಮುಖ ಹದಿನಾರರ ಹುಡುಗಿಯದಾಗಿತ್ತು.

"ಹುಬ್ಬಳ್ಳಿ! ಬಸ್ಸು!"

ಪೆರುಂಗುಡಿಯ ದಾರಿ ಅಂದು ಮುಗಿಯಲೇ ಒಲ್ಲದು. ನಡುಕದ ಕೇಂದ್ರ ಎಲ್ಲೋ ಉತ್ತರಕ್ಕೆ ಇರಬೇಕು, ಬಹಳ ದೂರವಲ್ಲ, ಇಷ್ಟು ಹತ್ತಿರ ಇನ್ನು ನಮ್ಮ ಆಯಸ್ಸಿನಲ್ಲಿ ಆಗಲಿಕ್ಕಿಲ್ಲ ಎಂದು ಬಸ್ಸಿನಲ್ಲಿ ಒಂದೇ ಸಮನೆ ಮಾತಾಡಿದರು. ಬಸ್ಸಿಳಿದ ಮೇಲೆ ಗದ್ದೆಯ ಬದುವಿನ ಮೇಲೆ ನಾನು ಓಡುವಂತೆ ನಡೆದರೂ ಅವರೇ ಮುಂದಿದ್ದರು.

ಬೀಗ ತೆಗೆದೆವು. ಯಂತ್ರ ನಡೆಯುತ್ತಿತ್ತು. ಮೇಡಂ ಕಾಗದ ಬಿಚ್ಚಿ ಕಿಟಕಿಯ ಬೆಳಕಿಗೆ ಹರಡಿದರು. ಹಿಂದಿನ ದಿನವಷ್ಟೇ ಸುತ್ತಿದ್ದ ಕಾಗದ, ಜೊತೆಗೆ ಅಲ್ಲೇ ಇಟ್ಟಿದ್ದ ಅದಕ್ಕೂ ಮೊದಲಿನ ಎರಡು ವಾರಗಳದು. ಚುಕ್ಕಿಗಳ ಸಾಲು ನೇರವಾಗಿ ಬಂದಿತ್ತು. ನಡುಕದ ಹೊತ್ತಿನ ಎರಡು ಮೂರು ಚುಕ್ಕಿ ಚದುರಿದ್ದವು. ಅದು ಯಂತ್ರವೇ ಅಲುಗಿದ್ದರಿಂದ. ಅದಕ್ಕೆ ಮುಂಚೆ ಒಂದು ಗಂಟೆ, ಒಂದು ದಿನ, ಒಂದು ವಾರ, ಏನೂ ಇಲ್ಲ. ಮೇಡಂ ಭೂತಗನ್ನಡಿ ಹಿಡಿದು ಎರಡು ಸಲ ನೋಡಿದರು. ತಂತಿ ಪರೀಕ್ಷಿಸಿದರು, ಬ್ಯಾಟರಿ ಪರೀಕ್ಷಿಸಿದರು, ಹೊರಗೆ ಹೋಗಿ ಎರಡೂ ತಗಡಿನ ಮಣ್ಣು ಕೈಯಿಂದ ಕೆದರಿ ನೋಡಿದರು. ಎಲ್ಲ ಸರಿಯಿತ್ತು.

ಬಂದು ಹೊಸ್ತಿಲ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ತಾಳೆಗರಿಗಳು ಗಾಳಿಗೆ ಸರಸರ ಎನ್ನುತ್ತಿದ್ದವು.

"ಬ್ಯಾಸರಾತೇನ್ರೀ ಮೇಡಂ?"

"ಆಗದೇ ಇರತ್ತಾ?" ಎಂದರು. ಕೈಗೆ ಹತ್ತಿದ ಮಣ್ಣನ್ನು ಉಜ್ಜಿಕೊಂಡರು. "ಅಪ್ಪ ಇದ್ದಿದ್ರೆ ನನ್ನ ಮೇಲೆ ಕೋಪ ಮಾಡ್ಕೋತಿದ್ರು. ಆದ್ರೆ ನೋಡು, ಇಷ್ಟು ವರ್ಷ ಕೇಳ್ತಾ ಇದ್ದೆ. ಇವತ್ತು ಮೊದಲನೇ ಸಲ ಒಂದು ಉತ್ತರ ಸಿಕ್ಕಿದೆ. ಈ ಜಾಗದಲ್ಲಿ, ಈ ಯಂತ್ರಕ್ಕೆ, ಈ ನಡುಕದ ಮುಂಚೆ, ಏನೂ ಕೇಳಿಸಲಿಲ್ಲ. ಇಷ್ಟು ಖಚಿತವಾಗಿ ನನಗೆ ಇನ್ಯಾವುದೂ ಗೊತ್ತಿಲ್ಲ ಹುಬ್ಬಳ್ಳಿ. ನನ್ನ ಹೆಸರೇನು ಅಂತ ಕೂಡ!"

ಭುಜ ಅಲುಗಿತು. ಇಬ್ಬರೂ ನಕ್ಕೆವು. ಒಳಗೆ ಹೋಗಿ ಅವರು ಕಾಗದದ ಅಂಚಿನಲ್ಲಿ ತಾರೀಖು ಬರೆದು, ಅದರ ಕೆಳಗೆ ಇಂಗ್ಲಿಷಿನಲ್ಲಿ, ಏನೂ ಕಾಣಲಿಲ್ಲ ಎಂದು ಬರೆದು ಸಹಿ ಮಾಡಿದರು. ಆಮೇಲೆ ಪೆನ್ನನ್ನು ನನಗೆ ಕೊಟ್ಟರು.

"ನೀನೂ ಸೈನ್ ಮಾಡು."

"ನಾ ಯಾಕ್ರೀ? ನೀವ ಮಾಡೀರಲ್ಲ."

"ಮನೆಗೆ ಹೋಗಿ ಕೂತ್ಮೇಲೆ ನನಗೇ ಆಸೆ ಹುಟ್ಟತ್ತೆ. ನಿನ್ನೆ ರಾತ್ರಿಯ ಈ ನಾಲ್ಕು ಚುಕ್ಕಿ ಒಂದು ಕೂದಲು ಮೇಲಿದೆ ಅಲ್ವಾ ಅಂತ ಅನ್ಸತ್ತೆ. ಇನ್ನೊಂದು ವಾರ ಕಳೆದ್ರೆ ಎರಡು ಕೂದಲು ಅನ್ಸತ್ತೆ. ನೀನು ನೋಡಿದೀಯ, ನೀನು ಸೈನ್ ಮಾಡಿದ್ರೆ ಆ ಸಹಿ ನನಗೆ ಹಾಗೆಲ್ಲ ಅನ್ಸೋಕೆ ಬಿಡಲ್ಲ."

ನಾನು ಹಿಂದಿನ ರಾತ್ರಿಯ ಆ ನಾಲ್ಕು ಚುಕ್ಕಿಗಳನ್ನು ಭೂತಗನ್ನಡಿಯಲ್ಲಿ ಮತ್ತೊಮ್ಮೆ ನೋಡಿದೆ. ಅವು ಉಳಿದವುಗಳ ಸಾಲಿನಲ್ಲೇ ಇದ್ದವು. ಅವರ ಸಹಿಯ ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ. ಮೇಡಂ ಇಂಕು ಆರುವವರೆಗೆ ಕಾಗದಕ್ಕೆ ಊದಿ, ಮಡಿಸಿ ಚೀಲದಲ್ಲಿಟ್ಟರು. ಉರುಳೆಗೆ ಹೊಸ ಕಾಗದ ಸುತ್ತಿ, ಗಡಿಯಾರಕ್ಕೆ ಪೂರ್ತಿ ಕೀಲಿ ಕೊಟ್ಟರು. ಮುಳ್ಳು ಮೊದಲ ಚುಕ್ಕಿ ಇಡುವುದನ್ನು ನೋಡಿ, ಬಾಗಿಲು ಎಳೆದುಕೊಂಡು ಬಂದೆವು.